ಗುಜರಿಯಿಂದ ಎದ್ದ ಲಿಬರೇಟರ್, ಬಿಸಿಲಲ್ಲಿ ನಿಂತ ಮಿಗ್

ಎರಡನೇ ಮಹಾಯುದ್ಧ ಮುಗಿದಾಗ ಕಾನ್ಪುರದ ಚಕೇರಿ ವಿಮಾನನೆಲೆಯಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳು ಸಾಲುಗಟ್ಟಿ ನಿಂತಿದ್ದವು. ನಾಲ್ಕು ಎಂಜಿನ್ನಿನ, ಹೊಟ್ಟೆ ಉಬ್ಬಿದ, ನೋಡಲು ಅಷ್ಟೇನೂ ಚಂದವಿಲ್ಲದ ಅಮೆರಿಕನ್ ವಿಮಾನಗಳು. ಬ್ರಿಟಿಷರು ಅವನ್ನು ಅಮೆರಿಕದಿಂದ ಯುದ್ಧಕಾಲದ ಕಡವಾಗಿ ತಂದಿದ್ದರು. ಯುದ್ಧ ಮುಗಿದ ಮೇಲೆ ಒಂದೋ ವಾಪಸ್ ಕೊಡಬೇಕು, ಇಲ್ಲವೇ ಯಾರಿಗೂ ಉಪಯೋಗಕ್ಕೆ ಬಾರದಂತೆ ಕೆಡಿಸಬೇಕು ಎಂಬುದು ಕರಾರು. ಸಾಗಿಸುವುದಕ್ಕಿಂತ ಕೆಡಿಸುವುದು ಸುಲಭ, ಕೆಡಿಸಿದರು. ಬುಲ್ಡೋಜರ್‌ನಿಂದ ಜಜ್ಜಿದರು, ಎಂಜಿನ್ನಿಗೆ ಮರಳು ಸುರಿದರು ಎಂದು ಇಂದಿಗೂ ಹೇಳುತ್ತಾರೆ. ಸ್ವಾತಂತ್ರ್ಯ ಬಂದಾಗ ನಮ್ಮ ವಾಯುಪಡೆಯ ಬಳಿ ಒಂದೇ ಒಂದು ಭಾರಿ ಬಾಂಬರ್ ಇರಲಿಲ್ಲ. ಇದ್ದದ್ದು ಈ ಗುಜರಿ ರಾಶಿ ಮಾತ್ರ.

ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು, ಅಂದರೆ ಇಂದಿನ ಎಚ್‌ಎಎಲ್, ಆ ರಾಶಿಯ ಮುಂದೆ ಹೋಗಿ ನಿಂತರು. ಅವರಿಗೆ ಲಿಬರೇಟರ್ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಈ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕನ್ನರ ವಿಮಾನಗಳನ್ನೇ ರಿಪೇರಿ ಮಾಡುತ್ತಿತ್ತು. ಅಲ್ಲಿನ ಫಿಟ್ಟರುಗಳ ಕೈಗೆ ಈ ಯಂತ್ರದ ನರನಾಡಿ ಗೊತ್ತಿತ್ತು. ಒಂದರ ರೆಕ್ಕೆ, ಇನ್ನೊಂದರ ಎಂಜಿನ್, ಮತ್ತೊಂದರ ಚಕ್ರ ಎಂದು ಜೋಡಿಸಿ, ಹೇಗೋ ಒಮ್ಮೆ ಹಾರುವಷ್ಟು ಸರಿಮಾಡಿದರು. ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಪೂರ್ತಿ ದುರಸ್ತಿಯಾದದ್ದು ಇಲ್ಲಿ. ಹೀಗೆ ಸುಮಾರು 40 ಲಿಬರೇಟರ್‌ಗಳು ಮತ್ತೆ ಎದ್ದವು. 1968ರವರೆಗೂ ವಾಯುಪಡೆಯಲ್ಲಿ ದುಡಿದವು.

ಆ ಹೊತ್ತಿಗೆ ಲಿಬರೇಟರ್ ತಯಾರಿಸಿದ ಅಮೆರಿಕದಲ್ಲೇ ಅದು ಅಪರೂಪವಾಗಿತ್ತು. 18,000ಕ್ಕೂ ಹೆಚ್ಚು ಕಟ್ಟಿದ್ದರು, ಹೆಚ್ಚುಕಮ್ಮಿ ಎಲ್ಲವನ್ನೂ ಕರಗಿಸಿ ಅಲ್ಯೂಮಿನಿಯಂ ಗಟ್ಟಿ ಮಾಡಿದ್ದರು. ಆಗ ಮ್ಯೂಸಿಯಂಗಳ ಕಣ್ಣು ಭಾರತದ ಮೇಲೆ ಬಿತ್ತು. ಕೆನಡಾ ಒಂದನ್ನು ಪಡೆದು ಬದಲಿಗೆ ಲೈಸಾಂಡರ್ ಎಂಬ ವಿಮಾನ ಕೊಟ್ಟಿತು, ಅದು ದೆಹಲಿಯ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲಿದೆ. 1969ರಲ್ಲಿ ಒಂದು ಪುಣೆಯಿಂದ ಹೊರಟು ಅಮೆರಿಕದ ಅರಿಜೋನಾ ತಲುಪಿತು, ಈಗ ಅಲ್ಲಿನ ಪೀಮಾ ಮ್ಯೂಸಿಯಂನಲ್ಲಿದೆ. 1974ರಲ್ಲಿ ಇನ್ನೊಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂಗೆ ಹೋಯಿತು. ಮಗದೊಂದನ್ನು ಬ್ರಿಟಿಷ್ ಸಂಗ್ರಾಹಕನೊಬ್ಬ ಕೊಂಡ. ಅವನಿಂದ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಕೊಂಡು, ವರ್ಷಗಟ್ಟಲೆ ದುರಸ್ತಿ ಮಾಡಿ, 1989ರಲ್ಲಿ ಮತ್ತೆ ಹಾರಿಸಿತು. ಗುಜರಿಯಾಗಬೇಕಿದ್ದ ಯಂತ್ರ ಅಮೆರಿಕದ ಊರೂರು ತಿರುಗಿ, ಅದನ್ನು ಹಿಂದೆ ಹಾರಿಸಿದ್ದ ಮುದುಕರನ್ನು ಅಳಿಸಿತು.

ಬೆಂಗಳೂರಿನವರು ಪರಂಪರೆ ಉಳಿಸಬೇಕೆಂದು ಈ ಕೆಲಸ ಮಾಡಿದವರಲ್ಲ. ಬಾಂಬರ್ ಬೇಕಿತ್ತು, ದುಡ್ಡಿರಲಿಲ್ಲ, ಮಾಡಿದರು. ಆದರೂ ಹಳೆಯ ಯುದ್ಧವಿಮಾನವನ್ನು ಉಳಿಸುವುದು ಎಂದರೇನು ಎಂಬ ಪ್ರಶ್ನೆಯ ಗಂಟು ಪೂರ್ತಿ ಈ ಕಥೆಯಲ್ಲೇ ಇದೆ. ಮೂರು ವಿಮಾನಗಳ ಭಾಗ ಸೇರಿಸಿ ಒಂದು ಮಾಡಿದರೆ ಅದು ಯಾವ ವಿಮಾನ? ಪುಣೆಯಿಂದ ಅರಿಜೋನಾಕ್ಕೆ ಹಾರಿ ಅಲ್ಲಿ ಕದಲದೆ ನಿಂತದ್ದು ಹೆಚ್ಚು ಉಳಿಯಿತೋ, ಊರೂರು ಹಾರಿದ್ದು ಹೆಚ್ಚು ಉಳಿಯಿತೋ?

ನನಗೆ ತಿಳಿದ ಮಟ್ಟಿಗೆ ವಿಷಯ ಇಷ್ಟು: ಲೋಹವನ್ನು ಉಳಿಸಬಹುದು, ಹಾರಾಟವನ್ನು ಉಳಿಸಬಹುದು. ಒಂದೇ ವಿಮಾನದಲ್ಲಿ ಎರಡನ್ನೂ ಉಳಿಸಲಾಗದು. ಹಾರಬೇಕಾದರೆ ಸವೆದದ್ದನ್ನು ಕಿತ್ತು ಹೊಸದು ಹಾಕಲೇಬೇಕು. ಹಳೆಯದೇ ಇರಬೇಕಾದರೆ ನೆಲ ಬಿಡಬಾರದು. ಇವೆರಡೂ ಅಲ್ಲದ ಮೂರನೇ ದಾರಿಯೊಂದು ನಮ್ಮ ದೇಶದಲ್ಲಿ ಬಹಳ ಜನಪ್ರಿಯ. ಮೊದಲು ಅದನ್ನೇ ನೋಡೋಣ.

ನಮ್ಮ ಕಡೆಯ ಒಂದು ಊರಿನ ಸರ್ಕಲ್ಲಿನಲ್ಲಿ ಒಂದು ಮಿಗ್-21 ಯುದ್ಧವಿಮಾನ ಇದೆ. ಕಾಂಕ್ರೀಟ್ ಕಂಬದ ಮೇಲೆ ಮೂತಿ ಎತ್ತಿ, ಈಗಲೋ ಆಗಲೋ ಹಾರುತ್ತದೆ ಎನ್ನುವ ಭಂಗಿ. ದೂರದಿಂದ ಭರ್ಜರಿ. ಹೋದ ವರ್ಷ ನಮ್ಮ ಪರಿಚಯದ ನಿವೃತ್ತ ಫಿಟ್ಟರೊಬ್ಬರ ಜೊತೆ ಅದರ ಕೆಳಗೆ ನಿಂತಿದ್ದೆ. ನಾನು ಮೊಬೈಲು ತೆಗೆದೆ, ಅವರು ಕನ್ನಡಕ ಒರೆಸಿಕೊಂಡರು. "ಎದುರಿಗೆ ನಿಂತು ನೋಡಿದ್ರೆ ಏನೂ ಕಾಣಲ್ಲಪ್ಪ. ಹಾಳೆಯ ಮೈಮೇಲೆ ಓರೆಯಾಗಿ ಕಣ್ಣು ಹಾಯಿಸು" ಎಂದರು. ಬಗ್ಗಿ ನೋಡಿದೆ. ರಿವೆಟ್ಟಿನ ಸಾಲಿನಲ್ಲಿ, ಒಂದು ರಿವೆಟ್ಟಿಗೂ ಇನ್ನೊಂದಕ್ಕೂ ನಡುವೆ ಹಾಳೆ ಸಣ್ಣಗೆ ಉಬ್ಬಿತ್ತು. ಹೊಲಿಗೆ ಹಾಕಿದ ಹಾಸಿಗೆ ಹೊಲಿಗೆಗಳ ನಡುವೆ ಉಬ್ಬುವ ಹಾಗೆ. "ಒಳಗೆ ಪುಡಿ ತುಂಬಿದೆ. ಪುಡಿಗೆ ಜಾಗ ಹೆಚ್ಚು ಬೇಕು, ಹಾಳೇನ ದೂಡ್ತಾ ಇದೆ" ಎಂದರು.

ಕಬ್ಬಿಣದ ತುಕ್ಕು ಕೆಂಪಗೆ ಕೂಗಿ ಹೇಳುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಅದರ ರೋಗ ಬಿಳಿ ಪುಡಿ, ಅದೂ ಒಳಗಿಂದೊಳಗೆ. ಶುದ್ಧ ಅಲ್ಯೂಮಿನಿಯಂಗೆ ಗಾಳಿ ತಾಗಿದ ಕೂಡಲೇ ಮೇಲೊಂದು ತೆಳು ಪೊರೆ ಕಟ್ಟಿಕೊಂಡು ಅದೇ ರಕ್ಷಣೆಯಾಗುತ್ತದೆ. ಆದರೆ ಶುದ್ಧ ಲೋಹ ಬಲು ಮೆದು. ಗಟ್ಟಿಯಾಗಲೆಂದು ವಿಮಾನದ ಲೋಹಕ್ಕೆ ತಾಮ್ರ ಬೆರೆಸುತ್ತಾರೆ. ಆ ತಾಮ್ರದ ಕಣಗಳೇ ಮುಂದೆ ಮನೆಮುರುಕರು. ನೀರು, ಅದರಲ್ಲಿ ಒಂದಿಷ್ಟು ಉಪ್ಪು ಸಿಕ್ಕರೆ, ಒಂದು ಲೋಹ ಪಕ್ಕದ ಲೋಹವನ್ನು ತಿನ್ನಲು ಶುರುಮಾಡುತ್ತದೆ. ಬ್ಯಾಟರಿಯೊಳಗೆ ನಡೆಯುವುದೂ ಇದೇ. ಅಲ್ಯೂಮಿನಿಯಂ ಹಾಳೆಗೆ ಉಕ್ಕಿನ ಬೋಲ್ಟು ಹಾಕಿದ ಕಡೆಯೆಲ್ಲ ಇಂಥ ಪುಟಾಣಿ ಬ್ಯಾಟರಿಗಳು ಹುಟ್ಟುತ್ತವೆ. ಅಲ್ಯೂಮಿನಿಯಂ ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕಿಡಬಾರದೆಂದು ಅಜ್ಜಿಯರಿಗೆ ಗೊತ್ತಿತ್ತು, ಕಾರಣವೂ ಇದರ ನೆಂಟನೇ.

ಇದರಲ್ಲಿ ಎಲ್ಲಕ್ಕಿಂತ ಕೆಟ್ಟ ಬಗೆ ಒಂದಿದೆ. ಲೋಹವನ್ನು ರೋಲರ್‌ನಲ್ಲಿ ಒತ್ತಿ ಹಾಳೆ ಅಥವಾ ಪಟ್ಟಿ ಮಾಡಿದಾಗ ಅದರ ಕಣಗಳು ಚಪ್ಪಟೆಯಾಗಿ ಪದರ ಪದರವಾಗಿ ಮಲಗಿರುತ್ತವೆ. ಕೊರೆತ ಈ ಪದರಗಳ ನಡುವೆ ನುಗ್ಗಿದರೆ ದಪ್ಪನೆಯ ಪಟ್ಟಿಯೂ ಚಿರೋಟಿಯ ಹಾಗೆ ಎಸಳೆಸಳಾಗಿ ಬಿಚ್ಚಿಕೊಳ್ಳುತ್ತದೆ. ಮೇಲೆ ಬಣ್ಣ ಫಳಫಳ ಅಂತಿರುತ್ತದೆ, ಬೆರಳಿಟ್ಟರೆ ಉದುರುತ್ತದೆ. ರೆಕ್ಕೆಯ ಭಾರ ಹೊರುವ ಮುಖ್ಯ ತೊಲೆಗೆ ಇದು ಬಂದರೆ ಕಥೆ ಮುಗಿದಂತೆ.

ಕಂಬದ ಮೇಲೆ ನಿಂತ ವಿಮಾನಕ್ಕೆ ಇದಿಷ್ಟೇ ಕಷ್ಟವಲ್ಲ. ವಿಮಾನವನ್ನು ಕಟ್ಟುವಾಗ ಅದರ ಭಾರವನ್ನು ಗಾಳಿಯಲ್ಲಿ ರೆಕ್ಕೆ ಹೊರುತ್ತದೆ, ನೆಲದಲ್ಲಿ ಚಕ್ರದ ಕಾಲು ಹೊರುತ್ತದೆ ಎಂದು ಲೆಕ್ಕ ಹಾಕಿರುತ್ತಾರೆ. ಹೊಟ್ಟೆಗೆ ಕಬ್ಬಿಣದ ಗೂಟ ತೂರಿಸಿ ಮೂತಿ ಮೇಲೆ ಮಾಡಿ ನಿಲ್ಲಿಸುತ್ತೇವೆಂದು ಯಾರೂ ಲೆಕ್ಕ ಹಾಕಿರುವುದಿಲ್ಲ. ನೀರು ಹೋಗಲೆಂದು ಹೊಟ್ಟೆಯಡಿ ಬಿಟ್ಟ ತೂತುಗಳು ವಿಮಾನ ನೆಟ್ಟಗೆ ನಿಂತಾಗ ಮಾತ್ರ ಕೆಲಸ ಮಾಡುತ್ತವೆ. ಓರೆಯಾಗಿ ನಿಲ್ಲಿಸಿದರೆ ಮಳೆನೀರು ಬಾಲದ ಕಡೆ ಇಳಿದು ಅಲ್ಲೇ ಬಾವಿ ತೋಡಿಕೊಳ್ಳುತ್ತದೆ. ಪಾರಿವಾಳ ಗೂಡು ಕಟ್ಟುತ್ತದೆ, ಅದರ ಹಿಕ್ಕೆ ಲೋಹಕ್ಕೆ ಆಸಿಡ್ ಇದ್ದ ಹಾಗೆ. ಬಿಸಿಲಿಗೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಹೊದಿಕೆ ಬಿರುಕು ಬಿಟ್ಟು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಕಂಬವಿಲ್ಲದೆ ನೆಲದ ಮೇಲೇ ನಿಲ್ಲಿಸಿದ್ದಾದರೆ ಟೈರು ಒಂದೇ ಜಾಗದಲ್ಲಿ ಭಾರ ಹೊತ್ತು ಚಪ್ಪಟೆಯಾಗಿ ಸೀಳುತ್ತದೆ. ಒಳ್ಳೆಯ ಮ್ಯೂಸಿಯಂ ಯಾವುದು, ಸುಮ್ಮನೆ ನಿಲ್ಲಿಸಿದ ಜಾಗ ಯಾವುದು ಎಂದು ತಿಳಿಯಬೇಕಾದರೆ ನಾನೀಗ ಮೊದಲು ಟೈರು ನೋಡುತ್ತೇನೆ. ಗೊತ್ತಿದ್ದವರು ಭಾರವನ್ನು ಜಾಕಿಯ ಮೇಲೆ ಇಟ್ಟಿರುತ್ತಾರೆ, ಟೈರು ನೆಲಕ್ಕೆ ತಾಗಿಯೂ ತಾಗದ ಹಾಗಿರುತ್ತದೆ.

ಇದಕ್ಕೆಲ್ಲ ಊರಿನವರು ಮಾಡುವ ಉಪಚಾರ ಒಂದೇ: ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ರಾಷ್ಟ್ರೀಯ ಹಬ್ಬದ ಹಿಂದಿನ ವಾರ, ಪೇಂಟು. ಪೇಂಟು ರೋಗವನ್ನು ಮುಚ್ಚುತ್ತದೆ, ಸಾಲದ್ದಕ್ಕೆ ಸಾಕ್ಷಿಯನ್ನೂ ಅಳಿಸುತ್ತದೆ. ವಿಮಾನದ ಹಳೆಯ ಬಣ್ಣದ ಪದರಗಳಲ್ಲಿ ಅದು ಯಾವ ಸ್ಕ್ವಾಡ್ರನ್ನಿನಲ್ಲಿತ್ತು, ಯಾವಾಗ ಎಲ್ಲಿ ತೇಪೆ ಹಾಕಿದರು ಎಂಬುದೆಲ್ಲ ಇರುತ್ತದೆ. ಮರಳುಕಾಗದ ಹಿಡಿದು ಉಜ್ಜಿದವನಿಗೆ ಅದು ಬರೀ ಕೊಳೆ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಾಯುಪಡೆಯಿಂದ ನಿವೃತ್ತಿಯಾಯಿತು. ಆರು ದಶಕಗಳ ಸೇವೆ. ಇನ್ನು ಮುಂದೆ ಕಾಲೇಜುಗಳು, ನಗರಸಭೆಗಳು, ಉದ್ಯಾನಗಳು "ನಮಗೊಂದು ಕೊಡಿ" ಎಂದು ಕೇಳುವುದು ಸಹಜ. ಕೊಡುವ ಮೊದಲು ಒಂದು ಕೆಲಸ ಆಗಲೇಬೇಕು, ಅದೇ ವಿಷ ತೆಗೆಯುವುದು. ಯುದ್ಧವಿಮಾನದ ಸೀಟಿನ ಅಡಿ ಸಿಡಿಮದ್ದು ಇರುತ್ತದೆ, ಪೈಲಟ್‌ನನ್ನು ಹೊರಗೆ ಚಿಮ್ಮಿಸಲು. ಆ ತೋಟಾ ತೆಗೆಯದೆ ಬಿಟ್ಟ ವಿಮಾನದಲ್ಲಿ ಮಕ್ಕಳನ್ನು ಕೂರಿಸುವುದು ಬಾಂಬಿನ ಮೇಲೆ ಕೂರಿಸಿದಂತೆ. ಇಂಧನ ಟ್ಯಾಂಕಿನ ಆವಿ, ಹೈಡ್ರಾಲಿಕ್ ಎಣ್ಣೆ, ಬ್ರೇಕಿನಲ್ಲೂ ಶಾಖತಡೆಯಲ್ಲೂ ಕಲ್ನಾರು, ಇವೆಲ್ಲ ಬೇರೆ. ಎರಡನೇ ಮಹಾಯುದ್ಧದ ವಿಮಾನವಾದರೆ ಡಯಲ್ಲುಗಳ ಅಂಕಿಗೆ ರೇಡಿಯಂ ಬಳಿದಿರುತ್ತಾರೆ. ಆಟೋ ಹಿಂದೆ ಅಂಟಿಸುವ ಹೊಳೆಯುವ ಸ್ಟಿಕ್ಕರಿಗೂ ನಾವು ರೇಡಿಯಂ ಅಂತಲೇ ಅನ್ನುತ್ತೇವೆ, ಅದರಲ್ಲಿ ಅದರ ಚೂರೂ ಇಲ್ಲ. ಇದರಲ್ಲಿರುವುದು ನಿಜವಾದದ್ದು. ಕತ್ತಲಲ್ಲಿ ಹೊಳೆಯುವುದು ನಿಂತುಹೋಗಿದೆ, ಇನ್ನೇನೂ ಭಯವಿಲ್ಲ ಅಂದುಕೊಳ್ಳುವಂತಿಲ್ಲ. ಹೊಳೆಯುವ ಗುಣವಿದ್ದ ಜೊತೆಯ ರಾಸಾಯನಿಕ ಸವೆದಿದೆ ಅಷ್ಟೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು.

ಸರಿಯಾಗಿ ನಿಲ್ಲಿಸುವುದು ಎಂದರೆ ಹೇಗೆ? ಮೊದಲನೆಯದಾಗಿ ಸೂರು. ಎರಡನೆಯದಾಗಿ ಏರುಪೇರಿಲ್ಲದ ಒಣ ಗಾಳಿ. ಮೂರನೆಯದು ಸ್ವಲ್ಪ ಕಷ್ಟದ್ದು, ಕೈ ಕಟ್ಟಿಕೊಂಡು ಕೂರುವ ತಾಳ್ಮೆ. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ ಒಂದು ಹ್ಯಾಲಿಫ್ಯಾಕ್ಸ್ ಬಾಂಬರ್ ಇದೆ. 1942ರಲ್ಲಿ ನಾರ್ವೆಯ ಹೆಪ್ಪುಗಟ್ಟಿದ ಸರೋವರದ ಮೇಲೆ ಇಳಿದು, ಮಂಜು ಕರಗಿ ಮುಳುಗಿದ ವಿಮಾನ. 1973ರಲ್ಲಿ ಮೇಲೆತ್ತಿದರು. ಎತ್ತಿದ ಸ್ಥಿತಿಯಲ್ಲೇ, ಹರಿದ ಹಾಳೆ, ಮೆತ್ತಿದ ಬೂದು ಬಣ್ಣ ಸಮೇತ ಇಟ್ಟಿದ್ದಾರೆ. ಹೊಚ್ಚ ಹೊಸದಾಗಿ ಹೊಳೆಯುವ ವಿಮಾನಗಳ ನಡುವೆ ಅದರ ಮುಂದೆ ಜನ ದನಿ ತಗ್ಗಿಸುತ್ತಾರಂತೆ. ಅದೇ ಮ್ಯೂಸಿಯಂ 2013ರಲ್ಲಿ ಇಂಗ್ಲಿಷ್ ಕಡಲಿನ ಗುಡ್ವಿನ್ ಮರಳುದಿಬ್ಬದಿಂದ ಜರ್ಮನಿಯ ಯುದ್ಧಕಾಲದ ಬಾಂಬರ್ ಡೋರ್ನಿಯರ್-17 ಎತ್ತಿತು. ಎಪ್ಪತ್ತು ವರ್ಷ ಉಪ್ಪು ಕುಡಿದ ಲೋಹ ಗಾಳಿಗೆ ಬಂದ ತಕ್ಷಣ ಬೇಗ ಬೇಗ ಕರಗಲು ಶುರುಮಾಡುತ್ತದೆ. ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ ಗುಡಾರದಲ್ಲಿಟ್ಟರು, ನಮ್ಮ ಹೂವಿನ ಬೆಳೆಯ ಪಾಲಿಹೌಸ್ ಇರುತ್ತದಲ್ಲ, ಹಾಗೆ. ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲದ ತೆಳು ದ್ರಾವಣವನ್ನು ತಿಂಗಳುಗಟ್ಟಲೆ ಅದರ ಮೈಮೇಲೆ ಸಿಂಪಡಿಸಿದರು. ಕಪ್ಪೆಚಿಪ್ಪು, ಉಪ್ಪು ಮೆಲ್ಲಗೆ ಬಿಟ್ಟುಕೊಂಡವು. ಅದನ್ನು ಹಾರಿಸುವ ಯೋಚನೆ ಯಾರಿಗೂ ಇರಲಿಲ್ಲ. ಇನ್ನಷ್ಟು ಕೆಡದಿದ್ದರೆ ಸಾಕಿತ್ತು.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಪಕ್ಕ ನೌಕಾಪಡೆಯ ಟುಪೊಲೆವ್-142 ಬಂದು ಕೂತಿದೆ. 1988ರಿಂದ 2017ರವರೆಗೆ ಹಿಂದೂ ಮಹಾಸಾಗರದ ಮೇಲೆ ಗಂಟೆಗಟ್ಟಲೆ ಗಸ್ತು ತಿರುಗಿದ ದೈತ್ಯ, ರೆಕ್ಕೆ ಅಗಲಿಸಿದರೆ 50 ಮೀಟರ್. ತಮಿಳುನಾಡಿನ ಅರಕ್ಕೋಣಂ ನೆಲೆಯಿಂದ ಬಿಡಿಬಿಡಿಯಾಗಿ ಕಳಚಿ ಲಾರಿಯಲ್ಲಿ ಹೇರಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಇಂಥದ್ದನ್ನು ಹತ್ತಿರದಿಂದ ನೋಡುವ ಭಾಗ್ಯ ಉತ್ತರ ಕನ್ನಡದ ಮಕ್ಕಳಿಗೆ ಸಿಕ್ಕಿದ್ದು ದೊಡ್ಡದೇ. ಆದರೆ ಕರಾವಳಿಯ ಮಳೆಗಾಲವೂ ಸಮುದ್ರದ ಉಪ್ಪುಗಾಳಿಯೂ ಎಷ್ಟು ಹಸಿದಿರುತ್ತವೆ ಎಂದು ಅಲ್ಲಿ ಮನೆ ಕಟ್ಟಿ, ಕಿಟಕಿ ಸರಳು ಬದಲಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಕಡಲ ಪಕ್ಕದ ವಿಮಾನಕ್ಕೆ ಸಿಹಿನೀರಿನ ಸ್ನಾನ ದಿನಚರಿಯಾಗಬೇಕು, ಹಬ್ಬಕ್ಕೊಮ್ಮೆ ಮಾಡಿಸಿದರೆ ಸಾಲದು.

ಇನ್ನು ಹಾರಿಸುವವರ ಕಡೆ ಬರೋಣ. ಹಾರದ ವಿಮಾನ ಸತ್ತ ವಿಮಾನ ಎನ್ನುವುದು ಅವರ ವಾದ. ಯುದ್ಧಕಾಲದ ಬ್ರಿಟಿಷ್ ವಿಮಾನಗಳ ಮೆರ್ಲಿನ್ ಎಂಜಿನ್ನಿನ ಸದ್ದು, ಸುಟ್ಟ ಎಣ್ಣೆಯ ವಾಸನೆ, ತಿರುಗುವಾಗ ರೆಕ್ಕೆ ಬಾಗುವ ಬಗೆ, ಇವನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. ಮಾತು ಸುಳ್ಳಲ್ಲ. ಬ್ರಿಟಿಷ್ ವಾಯುಪಡೆ ಇದಕ್ಕೆಂದೇ 1957ರಲ್ಲಿ ಒಂದು ಸ್ಮಾರಕ ಹಾರಾಟ ತಂಡ ಕಟ್ಟಿತು, ಅದರ ಲ್ಯಾಂಕ್ಯಾಸ್ಟರ್ ಬಾಂಬರ್ ಇಂದಿಗೂ ಅವರ ರಾಷ್ಟ್ರೀಯ ಸಮಾರಂಭಗಳ ಕಳೆ. ಹಾರುವ ಸ್ಥಿತಿಯ ಲ್ಯಾಂಕ್ಯಾಸ್ಟರ್ ಜಗತ್ತಿನಲ್ಲಿ ಎರಡೇ, ಇನ್ನೊಂದು ಕೆನಡಾದಲ್ಲಿದೆ.

ಆದರೆ ಆ ಹಾರಾಟದ ಬೆಲೆ ಏನು ನೋಡಿ. ಲೋಹಕ್ಕೂ ದಣಿವಿದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ತುಂಡಾಗುವಂತೆ, ಪ್ರತಿ ಹಾರಾಟಕ್ಕೂ ಬಾಗಿ ಮತ್ತೆ ನೆಟ್ಟಗಾಗುವ ರೆಕ್ಕೆಯ ತೊಲೆ ಒಂದು ದಿನ ಬಿರುಕು ಬಿಡುತ್ತದೆ. ಅದಕ್ಕೇ ವಿಮಾನದ ವಯಸ್ಸನ್ನು ವರ್ಷದಲ್ಲಷ್ಟೇ ಅಲ್ಲ, ಹಾರಿದ ಗಂಟೆಗಳಲ್ಲೂ ಎಣಿಸುತ್ತಾರೆ. ಬ್ರಿಟಿಷರ ಲ್ಯಾಂಕ್ಯಾಸ್ಟರಿನ ಗಂಟೆ ಮುಗಿಯುತ್ತ ಬಂದಾಗ, 1995-96ರ ಚಳಿಗಾಲದಲ್ಲಿ, ರೆಕ್ಕೆಯ ತೊಲೆಗಳನ್ನೇ ಬದಲಿಸಿದರು. ಅಂದರೆ ಬೆನ್ನುಮೂಳೆ ಹೊಸದು. ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್‌ಗಳದ್ದು ಇನ್ನೂ ಮುಂದಿನ ಹಂತ. ಒಂದು ಸ್ಪಿಟ್‌ಫೈರ್ 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಲೇ ಕಡಲತೀರದಲ್ಲಿ ಹೊಟ್ಟೆಯ ಮೇಲೆ ಇಳಿಯಿತು. ಮರಳು ಅದನ್ನು ನುಂಗಿತು. 1980ರಲ್ಲಿ ಅಲೆ ಸರಿದು ಮತ್ತೆ ಕಂಡಿತು. ಹೊರಗೆ ತೆಗೆದಾಗ ಅದು ಏಡಿ, ಕಪ್ಪೆಚಿಪ್ಪುಗಳ ಮನೆ. ಅದನ್ನು ಮುಂದಿಟ್ಟುಕೊಂಡು, ಕಾರ್ಖಾನೆಯ ಹಳೆಯ ನಕ್ಷೆ ನೋಡಿ, ಹೊಸ ಲೋಹ ಬಗ್ಗಿಸಿ ಕಟ್ಟಿ 2011ರಲ್ಲಿ ಹಾರಿಸಿದರು. 2015ರಲ್ಲಿ ಹರಾಜಿನಲ್ಲಿ 31 ಲಕ್ಷ ಪೌಂಡಿಗೆ ಹೋಯಿತು.

ಅದು 1940ರ ಸ್ಪಿಟ್‌ಫೈರೇ? ಕಾನೂನಿನ ಪ್ರಕಾರ ಹೌದು, ವಿಮಾನದ ಗುರುತು ಅದರ ಸಂಖ್ಯೆಯ ತಗಡಿನಲ್ಲೂ ದಾಖಲೆಯ ಸರಪಳಿಯಲ್ಲೂ ಇರುತ್ತದೆ. ಲೋಹದ ಪ್ರಕಾರ ಬಹುತೇಕ ಅಲ್ಲ. ಹಿಡಿ ಎರಡು ಸಲ, ಅಲಗು ಮೂರು ಸಲ ಬದಲಿಸಿದ ತಾತನ ಕೊಡಲಿಯ ಕಥೆ. ನನಗೆ ಇದರಲ್ಲಿ ಮೋಸವೇನೂ ಕಾಣುವುದಿಲ್ಲ, ಒಂದು ಷರತ್ತಿನ ಮೇಲೆ: ಏನು ಹಳೆಯದು, ಏನು ಹೊಸದು ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮ ವಾಯುಪಡೆಯ ಪರಶುರಾಮ ಎಂಬ ಡಕೋಟಾ ಸಾಗಣೆ ವಿಮಾನದ ಮೇಲೆ ವಿಪಿ 905 ಎಂದು ಬರೆದಿದೆ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾದ ಸಂಖ್ಯೆ ಅದು. ಈಗಿನದು ಬೇರೆ ವಿಮಾನ. ಐರ್ಲೆಂಡಿನಲ್ಲಿ ಗುಜರಿಗೆ ಬಿದ್ದಿದ್ದನ್ನು, ಆಗ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ರಾಜೀವ್ ಚಂದ್ರಶೇಖರ್ ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, ಡಕೋಟಾ ಪೈಲಟ್ ಆಗಿದ್ದ ತಂದೆಯ ನೆನಪಿಗೆ 2018ರಲ್ಲಿ ವಾಯುಪಡೆಗೆ ಕೊಟ್ಟರು. ಕವೆಂಟ್ರಿಯಿಂದ ಯೂರೋಪು, ಅರಬ್ ನಾಡುಗಳನ್ನು ದಾಟಿ ಜಾಮ್‌ನಗರಕ್ಕೆ, ಅಲ್ಲಿಂದ ಹಿಂಡನ್‌ಗೆ ತಾನೇ ಹಾರಿ ಬಂತು. 2019ರ ಏರೋ ಇಂಡಿಯಾದಲ್ಲಿ ಯಲಹಂಕದ ಆಕಾಶದಲ್ಲೂ ಕಾಣಿಸಿತು. ಸುಖೋಯ್‌ಗಳ ಕಿವಿಗಡಚಿಕ್ಕುವ ಅಬ್ಬರದ ನಡುವೆ ಹಳೇ ಬಸ್ಸಿನ ಹಾಗೆ ಗೊರಗೊರ ಎನ್ನುವ ಅದು ನಿಧಾನಕ್ಕೆ ಹಾದುಹೋಗುವುದೇ ಒಂದು ಸೊಗಸು. ಸಂಖ್ಯೆ ಸ್ಮರಣೆಗಾಗಿ, ವಿಮಾನ ಬೇರೆ ಎಂದು ತಿಳಿದು ನೋಡಿದರೆ ಸೊಗಸಿಗೇನೂ ಕುಂದಿಲ್ಲ.

ಪ್ರೊಪೆಲ್ಲರ್ ವಿಮಾನದ ಮಟ್ಟಿಗೆ ಇದೆಲ್ಲ ನಡೆಯುತ್ತದೆ, ಒಳ್ಳೆಯ ವರ್ಕ್‌ಶಾಪ್ ಇದ್ದರೆ ಹಾಳೆ ಬಗ್ಗಿಸಿ, ಬುಷ್ ತಿರುಗಿಸಿ ಮಾಡಿಕೊಳ್ಳಬಹುದು. ಜೆಟ್ ಯುಗದ ವಿಮಾನ ಬಂದ ಕೂಡಲೇ ಲೆಕ್ಕ ಉಲ್ಟಾ. ಬ್ರಿಟನ್ನಿನ ವಲ್ಕನ್ ಬಾಂಬರನ್ನು ಜನರ ದೇಣಿಗೆಯಿಂದ 2007ರಲ್ಲಿ ಮತ್ತೆ ಹಾರಿಸಿದ್ದರು. ಎಂಟು ವರ್ಷ ಲಕ್ಷಾಂತರ ಜನ ತಲೆ ಎತ್ತಿ ನೋಡಿದರು. 2015ರ ಅಕ್ಟೋಬರಿನಲ್ಲಿ ನಿಂತುಹೋಯಿತು. ವಿಮಾನ ಇನ್ನೂ ಹಾರುವ ಸ್ಥಿತಿಯಲ್ಲೇ ಇತ್ತು. ಆದರೆ ಇಂಥ ಸಂಕೀರ್ಣ ವಿಮಾನ ಹಾರಬೇಕಾದರೆ, ಅದರ ವಿನ್ಯಾಸ ತಿಳಿದ ಕಂಪನಿಗಳು ತಾಂತ್ರಿಕ ಹೊಣೆ ಹೊರಬೇಕೆಂದು ನಿಯಮ. ಆ ವಿಮಾನವನ್ನು ಬಲ್ಲ ಎಂಜಿನಿಯರುಗಳೆಲ್ಲ ನಿವೃತ್ತರಾಗುತ್ತಿದ್ದರು, ಮೂರು ಕಂಪನಿಗಳು ಇನ್ನು ನಮ್ಮಿಂದಾಗದು ಎಂದವು. ಯಂತ್ರ ಗಟ್ಟಿಯಿದ್ದರೂ ಅದನ್ನು ಬಲ್ಲವರು ಮುಗಿದಿದ್ದರು.

ಮತ್ತೆ ಸಾವು. ಹಾರುವ ಪಕ್ಷದವರು ಇದನ್ನು ಮಾತಿನ ಕೊನೆಗೆ ತರುತ್ತಾರೆ, ಅದು ಮೊದಲೇ ಬರಬೇಕಾದದ್ದು. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರಮ್‌ನ ವಿಮಾನ ಪ್ರದರ್ಶನದಲ್ಲಿ ಹಾಕರ್ ಹಂಟರ್ ಎಂಬ ಹಳೆಯ ಜೆಟ್ ಫೈಟರ್ ಒಂದು ಆಕಾಶದಲ್ಲಿ ಸುತ್ತು ಹೊಡೆಯುವಾಗ ಬೇಕಾದಷ್ಟು ಎತ್ತರ ಸಿಗದೆ ಹೆದ್ದಾರಿಗೆ ಅಪ್ಪಳಿಸಿತು. 11 ಜನ ಸತ್ತರು. ಅವರಲ್ಲಿ ಒಬ್ಬರೂ ಪ್ರದರ್ಶನದ ಮೈದಾನದೊಳಗೆ ಇರಲಿಲ್ಲ, ಎಲ್ಲ ರಸ್ತೆಯಲ್ಲಿದ್ದವರು. ತನಿಖೆ ಮಾಡಿದವರು ಆ ವಿಮಾನದ ಸೀಟಿನ ತೋಟಾಗಳ ಅವಧಿ ಮುಗಿದಿದ್ದನ್ನೂ, ಅದು ರಕ್ಷಣೆಗೆ ಬಂದವರಿಗೆ ತಂದ ಅಪಾಯವನ್ನೂ ಎತ್ತಿ ತೋರಿಸಿದರು. ಆಮೇಲೆ ಬ್ರಿಟನ್ನಿನಲ್ಲಿ ನಿಯಮ ಬಿಗಿಯಾಯಿತು. 2019ರ ಅಕ್ಟೋಬರ್ 2ರಂದು ಅಮೆರಿಕದಲ್ಲಿ, ನಮ್ಮ ಲಿಬರೇಟರ್ ಹಾರಿಸಿದ ಅದೇ ಕಾಲಿಂಗ್ಸ್ ಸಂಸ್ಥೆಯ ಬಿ-17 ಬಿದ್ದು 7 ಜನ ಹೋದರು. ಅದರಲ್ಲಿ ದುಡ್ಡು ಕೊಟ್ಟು ಹಳೆಯ ಬಾಂಬರಿನ ಸವಾರಿಗೆ ಹತ್ತಿದವರೂ ಇದ್ದರು. ಸಂಸ್ಥೆಯ ಪ್ರಯಾಣಿಕ ಹಾರಾಟದ ಅನುಮತಿ ರದ್ದಾಯಿತು. 2022ರ ನವೆಂಬರ್ 12ರಂದು ಡಲ್ಲಾಸ್ ಪ್ರದರ್ಶನದಲ್ಲಿ ಇನ್ನೊಂದು ಬಿ-17ಕ್ಕೆ ಪಿ-63 ಫೈಟರ್ ಡಿಕ್ಕಿ ಹೊಡೆದು 6 ಜನ ಸತ್ತರು. ಎರಡೂ ಅಪರೂಪದ ವಿಮಾನಗಳು ಕ್ಷಣದಲ್ಲಿ ಚೂರು.

ನನ್ನ ಲೆಕ್ಕ ಸರಳ. ಅಣ್ಣತಮ್ಮಂದಿರು ಬಹಳಿರುವ ವಿಮಾನ ಹಾರಲಿ, ಜನ ಇಲ್ಲದ ಕಡೆ, ಸರ್ಕಸ್ಸಿಲ್ಲದೆ ಹಾರಲಿ. ಒಬ್ಬನೇ ಉಳಿದವನು ಸೂರಿನಡಿ ನಿಲ್ಲಲಿ. ಪಾಲಂನಲ್ಲಿರುವ ವಾಪಿಟಿಯಂಥ ವಿಮಾನ ಪೂರ್ತಿಯಾಗಿ ಉಳಿದಿರುವುದು ಜಗತ್ತಿನಲ್ಲಿ ಅದೊಂದೇ. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾದದ್ದು ನಾಲ್ಕು ವಾಪಿಟಿಗಳಿಂದ. ಅದನ್ನು ಹಾರಿಸೋಣ ಎಂದು ಯಾರಾದರೂ ಅಂದರೆ ಬಾಗಿಲಿಗೆ ಬೀಗ ಹಾಕಬೇಕು.

ನಿಲ್ಲಿಸುವುದರಲ್ಲೂ ಏನು ಬರೆದು ನಿಲ್ಲಿಸುತ್ತೇವೆ ಎಂಬ ಜಗಳವಿದೆ. ಹಿರೋಷಿಮಾ ಮೇಲೆ ಬಾಂಬು ಹಾಕಿದ ಎನೋಲಾ ಗೇ ವಿಮಾನವನ್ನು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ ಸುಮಾರು 3 ಲಕ್ಷ ತಾಸುಗಳ ದುಡಿಮೆ ಹಾಕಿ ಸರಿಮಾಡಿತು. 1995ರ ಪ್ರದರ್ಶನಕ್ಕೆ ಬರೆದ ವಿವರಣೆಯ ಮೇಲೆ ದೊಡ್ಡ ರಾದ್ಧಾಂತವಾಗಿ, ಆ ಸಂಸ್ಥೆಯ ವಿಮಾನ ಮ್ಯೂಸಿಯಂನ ಮುಖ್ಯಸ್ಥರೇ ರಾಜೀನಾಮೆ ಕೊಟ್ಟರು. ಲೋಹ ಸರಿಮಾಡಿದಷ್ಟು ಸುಲಭವಲ್ಲ ಫಲಕ ಬರೆಯುವುದು. ನಮ್ಮಲ್ಲಿ ಆ ಜಗಳವೂ ಇಲ್ಲ, ಬಹುಪಾಲು ಫಲಕಗಳಲ್ಲಿ ಉದ್ದ, ಅಗಲ, ವೇಗ ಇಷ್ಟೇ.

ಬೆಂಗಳೂರಿನದೇ ಮಗು ಮಾರುತ್. ಜರ್ಮನಿಯ ವಿನ್ಯಾಸಕ ಕುರ್ಟ್ ಟ್ಯಾಂಕ್ ಇಲ್ಲಿಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ರೂಪಿಸಿದ ಫೈಟರ್. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. 1970ರಲ್ಲಿ ಮಾರುತ್ ಪರೀಕ್ಷೆಯಲ್ಲೇ ತೀರಿಕೊಂಡರು. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆ ಹೋಗುವ, ದಿನಾ ಟ್ರಾಫಿಕ್ಕಿನಲ್ಲಿ ನಾವು ಬೈಯುತ್ತ ಕೂರುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ಒಟ್ಟು 147 ಮಾರುತ್‌ಗಳು ತಯಾರಾದವು. ಮೈಕಟ್ಟು ಅಪ್ಸರೆಯದು, ಎಂಜಿನ್ನಿನ ಬಲ ಮಾತ್ರ ಕಡಿಮೆ ಎಂಬ ಕೊರಗು ಕೊನೆವರೆಗೂ ಉಳಿಯಿತು. ಇಂದು ಒಂದನ್ನು ಎಚ್‌ಎಎಲ್ ಮ್ಯೂಸಿಯಂನಲ್ಲಿ, ಇನ್ನೊಂದನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ನೋಡಬಹುದು. ಹಾರುವ ಮಾರುತ್ ಒಂದೂ ಇಲ್ಲ, ಇನ್ನು ಆಗುವುದೂ ಇಲ್ಲ. ವಲ್ಕನ್‌ಗೆ ಆದದ್ದೇ ಇದಕ್ಕೂ ಆಗಿದೆ.

ಆ ದಿನ ಸರ್ಕಲ್ಲಿನಿಂದ ವಾಪಸ್ ಬರುವಾಗ ಫಿಟ್ಟರ್ ರಾಯರ ಮನೆಯಲ್ಲಿ ಕಾಫಿ ಕುಡಿದೆವು. ಅಟ್ಟದಿಂದ ಒಂದು ಬಿಸ್ಕತ್ತು ಡಬ್ಬಿ ಇಳಿಸಿದರು. ಒಳಗೆ ರೂಲ್ಡ್ ಪುಸ್ತಕಗಳು, ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಬರೆದದ್ದು. ಮಾರುತ್‌ನ ಯಾವ ಮುಚ್ಚಳದ ಸ್ಕ್ರೂ ಸರಿಯಾಗಿ ಕೂರುವುದಿಲ್ಲ, ಯಾವ ಪೈಪಿನ ಜಾಯಿಂಟು ಮೊದಲು ಸೋರುತ್ತದೆ, ಕೈ ಹೋಗದ ಸಂದಿಯಲ್ಲಿ ನಟ್ಟು ಹಾಕಲು ಸ್ಪಾನರನ್ನು ಹೇಗೆ ಬಗ್ಗಿಸಬೇಕು ಎಂದು ಪೆನ್ಸಿಲ್ಲಿನ ಚಿತ್ರ ಸಮೇತ. ಯಾವ ಅಧಿಕೃತ ಕೈಪಿಡಿಯಲ್ಲೂ ಇರಲಾರದ ಸಂಗತಿಗಳು. "ಮಗ ಹಳೇ ಪೇಪರಿನ ಜೊತೆ ಹಾಕಿಬಿಡಣ ಅಂತಾನೆ" ಎಂದರು. ನಾನು ಒಂದೊಂದೇ ಪುಟ ತಿರುಗಿಸಿ ಫೋಟೊ ತೆಗೆಯಲು ಶುರುಮಾಡಿದೆ. ಮೂರನೇ ಪುಸ್ತಕದ ಅರ್ಧಕ್ಕೆ ಬರುವಷ್ಟರಲ್ಲಿ ಮೊಬೈಲಿನ ಚಾರ್ಜು ಮುಗಿಯಿತು, ಮುಂದಿನ ಭಾನುವಾರ ಬಾ ಎಂದರು.